ಹೊಲಕ್ಕೆ ಇಳಿಯುವ ಆಕಾಶ

ಭೂಮಿಯ ಆಚೆ ಜೀವವಿದೆಯೆ, ಇದೆಯೆಂದು ತಿಳಿದ ದಿನ ಮನುಷ್ಯನು ಹೇಗೆ ನಡೆದುಕೊಂಡಾನು ಎಂಬ ಪ್ರಶ್ನೆಯನ್ನು ನಮ್ಮ ಕಡೆಯ ಮನೆಗಳಲ್ಲಿ ಗಂಭೀರವಾಗಿ ಎತ್ತುವವರು ಕಡಿಮೆ. ಮಕ್ಕಳು ಕೇಳಿದರೆ ‘ಮೊದಲು ಪಾಠ ಓದು’ ಎಂದು ಸುಮ್ಮನಾಗಿಸುತ್ತೇವೆ. ಸೋಯಾಬೀನಿನ ಧಾರಣೆ, ಬಾವಿಯ ನೀರು, ಮಗಳ ಲಗ್ನ ಇವುಗಳ ನಡುವೆ ಅನ್ಯಗ್ರಹದ ಮಾತಿಗೆ ಎಡೆಯೆಲ್ಲಿ? ಆದರೂ ಈ ಪ್ರಶ್ನೆಗೂ ದಾಳಿಂಬ, ಉಮರ್ಗಾ, ನಿಲಂಗಾ, ಉದಗೀರಗಳ ಹೊಲಗಳಿಗೂ ನಾವು ಎಣಿಸಿದುದಕ್ಕಿಂತ ಹತ್ತಿರದ ನಂಟುಂಟು. ಆ ನಂಟನ್ನು ಈ ತಿಂಗಳು ಓದುಗರ ಮುಂದಿಡಬೇಕೆಂದಿದ್ದೇವೆ.

ದಾಳಿಂಬದ ಮಗ್ಗುಲಲ್ಲಿ ಹಾಯುವ ಸೊಲ್ಲಾಪುರ–ಹೈದರಾಬಾದ ಹೆದ್ದಾರಿಯನ್ನು ಎಲ್ಲರೂ ಬಲ್ಲರು. ಆ ಹೆದ್ದಾರಿಯ ನೆತ್ತಿಯ ಮೇಲೆ, ಮೂವತ್ತು ನಾಲ್ವತ್ತು ಕಿಲೋಮೀಟರು ಎತ್ತರದಲ್ಲಿ, ಇನ್ನೊಂದು ದಾರಿಯೂ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನ ತಮ್ಮ ಬಲೂನು ಕೇಂದ್ರದಿಂದ ಹಾರಿಸುವ ಬೃಹತ್ ಬಲೂನುಗಳ ದಾರಿಯದು. ತೆಳುವಾದ ಪಾಲಿಥೀನ್ ಹಾಳೆಯಿಂದ ಮಾಡಿದ, ಜಲಜನಕ ತುಂಬಿದ ಈ ಬಲೂನುಗಳ ಅಡ್ಡಳತೆ 50ರಿಂದ 85 ಮೀಟರು. ಊರ ದೊಡ್ಡ ಕೆರೆಯ ಏರಿಯನ್ನು ನೆನೆದುಕೊಂಡರೆ ಅಳತೆ ತಿಳಿದೀತು. ರಾತ್ರಿಯ ಹೊತ್ತು ಇವನ್ನು ಬಿಡುತ್ತಾರೆ. ಕೆಲವು ತಾಸು ಮೇಲೆ ತೇಲಿದ ಬಳಿಕ ಬಲೂನು ಬೇರೆಯಾಗಿ, ಉಪಕರಣಗಳ ಪೆಟ್ಟಿಗೆ ಬಣ್ಣದ ಪ್ಯಾರಾಶೂಟಿನಲ್ಲಿ ನೆಲಕ್ಕಿಳಿಯುತ್ತದೆ. ಎಲ್ಲಿ? ಹಾರಾಟದ ಕಾಲಕ್ಕೆ ಸಂಸ್ಥೆಯವರು ಪತ್ರಿಕೆಗಳಿಗೆ ಕೊಡುತ್ತ ಬಂದಿರುವ ಪ್ರಕಟಣೆಯಲ್ಲಿ ಉತ್ತರವಿದೆ: ಹೈದರಾಬಾದಿನಿಂದ 200–350 ಕಿಲೋಮೀಟರಿನೊಳಗೆ, ವಿಶಾಖಪಟ್ಟಣ–ಹೈದರಾಬಾದ–ಸೊಲ್ಲಾಪುರ ರೇಖೆಯ ಆಸುಪಾಸಿನಲ್ಲಿ. ಜಿಲ್ಲೆಗಳ ಪಟ್ಟಿಯಲ್ಲಿ ಬೀದರ, ಕಲಬುರಗಿಗಳ ಜೊತೆಗೆ ಲಾತೂರ, ಉಸ್ಮಾನಾಬಾದಗಳೂ ಇವೆ. ಉಸ್ಮಾನಾಬಾದವೆಂದರೆ ಇಂದಿನ ಧಾರಾಶಿವ, ಎಂದರೆ ನಾವೇ.

1956ಕ್ಕೆ ಮುಂಚೆ ಇವೆಲ್ಲ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಆ ಮೇಲೆ ರಾಜ್ಯಗಳು ಬೇರೆಯಾದವು, ಭಾಷೆಯ ಗಡಿ ಬಿತ್ತು, ನಾವು ಈಚೆ ಉಳಿದೆವು. ಮೇಲಿನ ಗಾಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇಂತಹ ಒಂದು ಬಲೂನನ್ನು 2005ರ ಏಪ್ರಿಲ್ 20ರಂದು ಹಾರಿಸಿದರು. ಅದರ ಉದ್ದೇಶ ವಿಲಕ್ಷಣವಾದುದು: ಆಕಾಶದ ಮೇಲಿನ ಪದರಗಳಲ್ಲಿ ಜೀವಾಣುಗಳಿವೆಯೆ ಎಂದು ಹುಡುಕುವುದು. ಇದರ ಹಿಂದೆ ಇದ್ದವರು ಖಗೋಲವಿಜ್ಞಾನಿ ಜಯಂತ ನಾರಳೀಕರರು. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡ ಅವರ ಹೆಸರು ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಹೊಸದಲ್ಲ. 2021ರ ಡಿಸೆಂಬರದಲ್ಲಿ ನಾಸಿಕದಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದರ ಮುಂದಿನ ಸಮ್ಮೇಳನ 2022ರ ಏಪ್ರಿಲದಲ್ಲಿ ನಮ್ಮ ಉದಗೀರದಲ್ಲಿಯೇ ಸೇರಿತು. ನಾರಳೀಕರರ ಗುರು, ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಅವರದೊಂದು ವಾದವಿತ್ತು: ಜೀವದ ಬೀಜ ಭೂಮಿಯಲ್ಲಿ ಮೊಳೆತುದಲ್ಲ, ಧೂಮಕೇತುಗಳ ಧೂಳಿನೊಡನೆ ಹೊರಗಿನಿಂದ ಬಂದುದು, ಇಂದಿಗೂ ಬರುತ್ತಿರುವುದು. ಬಹುಮಂದಿ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ನಾರಳೀಕರರು ವಾದಿಸುತ್ತ ಕೂಡುವುದಕ್ಕೆ ಬದಲು, ಮೇಲಿನಿಂದ ಬರುತ್ತಿದ್ದರೆ ದಾರಿಯಲ್ಲಿಯೇ ಹಿಡಿದು ನೋಡೋಣ ಎಂದರು. ಈ ಮಾತು ನಮಗೆ ಬಹಳ ಹಿಡಿಸಿತು. ಮನೆಗೆ ಯಾರು ಬರುತ್ತಾರೆಂಬ ಜಗಳಕ್ಕೆ ಬಾಗಿಲಲ್ಲಿ ಕುಳಿತು ಕಾಯುವುದೇ ತಕ್ಕ ಪರಿಹಾರ.

ಹಿಡಿಯುವುದಾದರೂ ಸುಲಭವೆ? ಒಳಗಿನ ಗಾಳಿಯನ್ನು ಪೂರ್ತಿ ತೆಗೆದು, ಕ್ರಿಮಿಶುದ್ಧಿ ಮಾಡಿ ಮುಚ್ಚಿದ 16 ಉಕ್ಕಿನ ನಳಿಗೆಗಳನ್ನು ಅಣಿಗೊಳಿಸಿದರು. ಅವನ್ನು 38 ಕಿಲೋ ದ್ರವ ನಿಯಾನಿನಲ್ಲಿ ಮುಳುಗಿಸಿಟ್ಟರು. ಆ ಶೈತ್ಯಕ್ಕೆ ನಳಿಗೆಯೊಳಗೆ ಹೊಕ್ಕ ಗಾಳಿ ಒಡನೆಯೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದಂತೆ ಇನ್ನಷ್ಟು ಗಾಳಿ ತಾನಾಗಿ ಒಳಕ್ಕೆ ಸೇದಿಕೊಳ್ಳುತ್ತದೆ. ಆ ಎತ್ತರದಲ್ಲಿ ಗಾಳಿ ಅಷ್ಟು ತೆಳು, ಬೇರೆ ಉಪಾಯವಿಲ್ಲ. ಒಟ್ಟು 459 ಕಿಲೋ ಭಾರ ಹೊತ್ತ ಬಲೂನು ಮೇಲೇರಿ, 20ರಿಂದ 41 ಕಿಲೋಮೀಟರಿನವರೆಗೆ ಬೇರೆ ಬೇರೆ ಎತ್ತರಗಳಲ್ಲಿ ನಳಿಗೆಗಳು ತೆರೆದು ಮುಚ್ಚಿಕೊಂಡವು. ಬಳಿಕ ಪ್ಯಾರಾಶೂಟಿನಲ್ಲಿ ಕೆಳಗಿಳಿದುವು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದವರೂ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದವರೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ಪ್ರಯೋಗವನ್ನು ನಡೆಸಿಕೊಟ್ಟ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಫಲಿತಾಂಶವನ್ನು ಪ್ರಕಟಿಸಿದುದು 2009ರಲ್ಲಿ. ನಾಲ್ಕು ವರ್ಷ ಬಾಯಿ ಕಟ್ಟಿ ಕುಳಿತು ಪರೀಕ್ಷಿಸಿದರೆಂಬುದನ್ನು ಓದುಗರು ಗಮನಿಸಬೇಕು.

ದೊರೆತುದು ಏನು? ಬ್ಯಾಕ್ಟೀರಿಯಗಳ 12 ತಳಿಗಳು, ಶಿಲೀಂಧ್ರಗಳ 6 ತಳಿಗಳು. ಬ್ಯಾಕ್ಟೀರಿಯಗಳಲ್ಲಿ ಒಂಬತ್ತು ಭೂಮಿಯ ಮೇಲೆ ಗೊತ್ತಿದ್ದ ಜಾತಿಗಳನ್ನೇ ಹೋಲುತ್ತಿದ್ದವು. ಉಳಿದ ಮೂರು ಹೊಸ ಜಾತಿಗಳು. ತಮ್ಮ ಹತ್ತಿರದ ಸಂಬಂಧಿಗಳಿಗಿಂತ ನೇರಳಾತೀತ ಕಿರಣವನ್ನು ಹೆಚ್ಚು ತಾಳಬಲ್ಲವು. ಒಂದಕ್ಕೆ ಹಾಯ್ಲ್ ಅವರ ಹೆಸರನ್ನೂ, ಒಂದಕ್ಕೆ ಬಾಹ್ಯಾಕಾಶ ಸಂಸ್ಥೆಯ ಹೆಸರನ್ನೂ, ಮತ್ತೊಂದಕ್ಕೆ ಆರ್ಯಭಟನ ಹೆಸರನ್ನೂ ಇಟ್ಟರು. ಇಷ್ಟಾದ ಮೇಲೆ ‘ಅನ್ಯಲೋಕದ ಅತಿಥಿ ದೊರೆತ’ ಎಂದು ಡಂಗುರ ಸಾರಬಹುದಾಗಿತ್ತು. ಅವರು ಸಾರಲಿಲ್ಲ. ಈ ಜೀವಾಣುಗಳು ಹೊರಗಿನಿಂದ ಬಂದವೆಂದು ಇದರಿಂದ ಸಿದ್ಧವಾಗುವುದಿಲ್ಲ, ಕೆಲಸವನ್ನು ಮುಂದುವರಿಸಲು ಉತ್ತೇಜನ ದೊರೆತಿದೆ ಎಂದಷ್ಟೇ ಹೇಳಿದರು.

ಆ ಸಂಯಮ ಎಷ್ಟು ಒಳ್ಳೆಯದಾಯಿತೆಂಬುದು ಆಮೇಲೆ ತಿಳಿಯಿತು. ಆರ್ಯಭಟನ ಹೆಸರಿನ ಜೀವಾಣು ಮುಂದೆ ನೆಲದ ಮೇಲೂ, ಸಸ್ಯಗಳ ಬೇರಿನ ಸುತ್ತಲೂ ಸಿಕ್ಕತೊಡಗಿತು. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೂ ನಮ್ಮವರು ಕಿವಿ ನಿಮಿರಿಸಿ ಕೇಳಬೇಕಾದುದು: ಮಧ್ಯಭಾರತದ ಕಪ್ಪು ನೆಲದಲ್ಲಿ ಬೆಳೆಯುವ ಸೋಯಾಬೀನು, ಗೋದಿಗಳಿಗೆ ಇದೇ ಜಾತಿಯ ಜೀವಾಣುಗಳನ್ನು ಊಡಿದರೆ, ಮಣ್ಣಿನಲ್ಲಿ ಕರಗದೆ ಕುಳಿತಿದ್ದ ಸತುವನ್ನು ಅವು ಕರಗಿಸಿ ಬೆಳೆಗೆ ಉಣಿಸುತ್ತವೆಯೆಂದು ಕಂಡುಬಂತು. ಯಾವುದನ್ನು ಆಕಾಶದಲ್ಲಿ ಬಲೆ ಬೀಸಿ ಹಿಡಿದೆವೊ ಅದು ಎರೆಹೊಲದ ಒಕ್ಕಲೂ ಹೌದು! ಇದು ಕೆಳಗಿನಿಂದ ಮೇಲೇರಿತೊ, ಮೇಲಿನಿಂದ ಕೆಳಗಿಳಿಯಿತೊ ಎಂಬ ವಾದ ಇದರಿಂದ ಪೂರ್ತಿ ಮುಗಿಯಲಿಲ್ಲವೆನ್ನಿ. ಆದರೆ ನೆಲದಿಂದ ಏರಿತೆನ್ನುವವರ ಪಕ್ಷ ಬಲವಾಯಿತು ಎಂದೇ ನಮ್ಮ ಅಭಿಪ್ರಾಯ.

ಇದಕ್ಕೆ ಮುಂಚೆ, 2001ರ ಜನವರಿಯಲ್ಲಿ, ಇದೇ ಹೈದರಾಬಾದಿನಿಂದ ಇಂತಹದೇ ಬಲೂನು ಹಾರಿತ್ತು. ಅದರ ಮಾದರಿಗಳಿಂದ ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಾಣುಗಳು ಭೂಮಿಯ ಮೇಲೆ ಪರಿಚಿತವಾದವೇ. ಒಂದು, ಮನುಷ್ಯರ ಚರ್ಮದ ಮೇಲೆ ನೆಲಸುವ ಜೀವಾಣುಗಳ ಬಳಗಕ್ಕೆ ಸೇರಿದುದು. ಇದು ಮೇಲಿನಿಂದ ಬಂದುದೊ, ಯಾರದೊ ಕೈಯಿಂದ ಅಂಟಿದುದೊ ಎಂದು ವಿಮರ್ಶಕರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಅನ್ಯಗ್ರಹದ ಜೀವವನ್ನು ಹುಡುಕುವವನ ದೊಡ್ಡ ಶತ್ರು ಅವನ ಸ್ವಂತ ಬೆರಳು. ನಳಿಗೆ ಎಷ್ಟೇ ಶುದ್ಧವಾಗಿರಲಿ, ಹೊಲದಲ್ಲಿ ಬಿದ್ದಾಗ ಒಬ್ಬನು ಕುತೂಹಲಕ್ಕೆ ತಿರುಪನ್ನು ಸಡಿಲಿಸಿದರೆ ಸಾಕು, ಆ ಎತ್ತರದ ಗಾಳಿಗೆ ಬದಲು ಆ ಹೊಲದ ಗಾಳಿಯನ್ನೇ ಪ್ರಯೋಗಶಾಲೆಯವರು ಪರೀಕ್ಷಿಸಿದಂತಾಗುತ್ತದೆ.

ಆದುದರಿಂದಲೇ ಜನ ಹೇಗೆ ನಡೆದುಕೊಳ್ಳುತ್ತಾರೆಂಬುದು ಇಲ್ಲಿ ಬರಿಯ ಊಹೆಯ ವಿಷಯವಲ್ಲ. ನಮ್ಮ ಸೀಮೆಯಲ್ಲಿಯೇ ಇದಕ್ಕೆ ಉದಾಹರಣೆಗಳುಂಟು. 2022ರ ಡಿಸೆಂಬರ 7ರಂದು ತೆಲಂಗಾಣದ ವಿಕಾರಾಬಾದ ಜಿಲ್ಲೆಯ ಮೊಗಿಲಿಗುಂಡ್ಲ ಗ್ರಾಮದ ಹೊಲಕ್ಕೆ ಒಂದು ವಿಚಿತ್ರವಾದ ದೊಡ್ಡ ಗೋಲ ಇಳಿಯಿತು. ಊರಿಗೆ ಊರೇ ನೆರೆಯಿತು. ಅನ್ಯಗ್ರಹದವರ ವಾಹನವೆಂಬ ಮಾತು ಕ್ಷಣದಲ್ಲಿ ಹಬ್ಬಿತು. ಅದು ಸ್ಪೇನ್ ದೇಶದ ಹೇಲೋ ಸ್ಪೇಸ್ ಎಂಬ ಸಂಸ್ಥೆ ಪ್ರವಾಸಿಗಳನ್ನು ಮೇಲಕ್ಕೊಯ್ಯಲು ಸಿದ್ಧಪಡಿಸುತ್ತಿದ್ದ ಗೂಡಿನ ಮಾದರಿ. ಹೈದರಾಬಾದಿನ ಬಲೂನು ಕೇಂದ್ರದಿಂದಲೇ ಪರೀಕ್ಷೆಗೆಂದು ಹಾರಿತ್ತು, ಒಳಗೆ ಯಾರೂ ಇರಲಿಲ್ಲ. ಇಲ್ಲಿ ನಮಗೆ ಕಾಣುವ ವಿಶೇಷವೇನೆಂದರೆ, ಅನ್ಯಗ್ರಹದವರೆಂದು ಎಣಿಸಿದ ಜನ ಓಡಿಹೋಗಲಿಲ್ಲ, ನೋಡಲು ಬಂದರು. ಪೇಟೆಯ ಸಿನಿಮಾಗಳಲ್ಲಿ ಕಾಣುವ ಹಾಹಾಕಾರ ಹಳ್ಳಿಯಲ್ಲಿ ಕಾಣಲಿಲ್ಲ.

2025ರ ಜನವರಿ 18ರಂದು ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಇಂತಹದೇ ಬಲೂನು ಉಪಕರಣಸಹಿತವಾಗಿ ಒಂದು ಮನೆಯ ಮೇಲೆಯೇ ಬಿತ್ತು. ಬೆಳಗಿನ ಹೊತ್ತು ಮನೆಯವರು ಗಾಬರಿಯಾದುದರಲ್ಲಿ ಆಶ್ಚರ್ಯವೇನೂ ಇಲ್ಲ. ಜಲಸಂಗಿಯೆಂದರೆ ಚಾಲುಕ್ಯರ ಗುಡಿಯ ಊರು. ಅಲ್ಲಿಯ ಗೋಡೆಯ ಮೇಲೆ ಕಲ್ಲಿನ ಹೆಣ್ಣೊಬ್ಬಳು ವಿಕ್ರಮಾದಿತ್ಯನ ಶಾಸನವನ್ನು ಬರೆಯುತ್ತ ನಿಂತಿರುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಒಂಬೈನೂರು ವರ್ಷಗಳ ಹಿಂದಿನ ಸಂದೇಶವನ್ನು ಕಾಪಾಡಿದ ಊರಿಗೆ ಆಕಾಶದಿಂದಲೂ ಒಂದು ಪೆಟ್ಟಿಗೆ ಬಂದುದು ಸೋಜಿಗವೇ.

ಗಾಬರಿಯ ಬಗೆಗೆ ನಮ್ಮವರನ್ನು ಹಗುರವಾಗಿ ಕಾಣಲು ನಾವು ಒಪ್ಪೆವು. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರುಗಳನ್ನು ನೆಲಕ್ಕೆ ಕೆಡವಿದ ಭೂಕಂಪವನ್ನು ಕಂಡ ಜನ ಇವರು. 2022ರಲ್ಲಿ ನಿಲಂಗಾ ತಾಲೂಕಿನ ಹಾಸೋರಿಯಲ್ಲಿ ನೆಲದೊಳಗಿನಿಂದ ಗುಡುಗಿನಂತಹ ಸದ್ದು ಕೇಳಿದಾಗ ಊರವರು ಹೆದರಿದುದು ಮೂಢತನದಿಂದಲ್ಲ, ಅನುಭವದಿಂದ. ಹೆದರಿಕೊಂಡೂ ಅವರು ಅಧಿಕಾರಿಗಳಿಗೆ ತಿಳಿಸಿದರು, ತಜ್ಞರನ್ನು ಬರಮಾಡಿಕೊಂಡರು.

ಇನ್ನು ದೊಡ್ಡ ಜಗತ್ತಿನವರ ವರ್ತನೆಯನ್ನೂ ನೋಡಿ. ಅಂಟಾರ್ಕ್ಟಿಕದಲ್ಲಿ 1984ರಲ್ಲಿ ದೊರೆತ ಮಂಗಳಗ್ರಹದ ಕಲ್ಲೊಂದರಲ್ಲಿ ಜೀವದ ಕುರುಹಿದೆಯೆಂಬ ವಾದವನ್ನು ಕುರಿತು 1996ರ ಆಗಸ್ಟ್ 7ರಂದು ಅಮೆರಿಕೆಯ ಅಧ್ಯಕ್ಷರೇ ಮಾತನಾಡಿದರು. ಮುಂದೆ ಬಹುಮಂದಿ ವಿಜ್ಞಾನಿಗಳು ಆ ಕುರುಹನ್ನು ಒಪ್ಪಲಿಲ್ಲ. 2025ರ ಏಪ್ರಿಲದಲ್ಲಿ, ಕೇಂಬ್ರಿಜಿನಲ್ಲಿರುವ ನಮ್ಮ ದೇಶದ ನಿಕ್ಕು ಮಧುಸೂದನರು, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ, ಭೂಮಿಯ ಮೇಲೆ ಕಡಲಿನ ಸೂಕ್ಷ್ಮಜೀವಿಗಳು ಹೊರಬಿಡುವ ಒಂದು ಅನಿಲದ ಸುಳಿವಿದೆಯೆಂದರು. ಅದೇ ಅಂಕಿಗಳನ್ನು ಮತ್ತೆ ಲೆಕ್ಕಿಸಿದ ಇತರರು ಸಾಕ್ಷ್ಯ ಸಾಲದೆಂದರು. ಎರಡು ಸಲವೂ ಪತ್ರಿಕೆಗಳು ಮೊದಲ ಮಾತನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿ, ಎರಡನೆಯದನ್ನು ಮೂಲೆಗೆ ತಳ್ಳಿದವು. ಉತ್ತರ ಬರುವುದಾದರೆ ಹೀಗೆಯೇ ಬಂದೀತು: ಒಂದು ಸುಳಿವು, ಒಂದು ಸಂಶಯ, ಮತ್ತೆ ಹತ್ತು ವರ್ಷದ ಪರೀಕ್ಷೆ.

ಹಾಗಿರಲು ದಾಳಿಂಬದ ರೈತನಿಗೂ ಈ ಹುಡುಕಾಟದಲ್ಲಿ ಒಂದು ಪಾಲು ಉಂಟು. ಹೊಲದಲ್ಲಿ ಬಣ್ಣದ ಪ್ಯಾರಾಶೂಟು, 20–40 ಮೀಟರು ಉದ್ದದ ಹಗ್ಗ, ಅದರ ತುದಿಗೆ ಪೆಟ್ಟಿಗೆ ಕಂಡರೆ ಮುಟ್ಟಬಾರದು, ಬಿಚ್ಚಬಾರದು, ಎತ್ತಿ ಕೊಟ್ಟಿಗೆಗೆ ಒಯ್ಯಬಾರದು. ಕೆಲವು ಉಪಕರಣಗಳಲ್ಲಿ ಹೆಚ್ಚಿನ ವಿದ್ಯುತ್ತಿರುವುದರಿಂದ ಜೀವಕ್ಕೂ ಅಪಾಯವುಂಟು. ಪೆಟ್ಟಿಗೆಯ ಮೇಲೆ ದೂರವಾಣಿಯ ಸಂಖ್ಯೆ ಬರೆದಿರುತ್ತದೆ. ಪೋಲೀಸ ಪಾಟೀಲರಿಗೆ, ಇಲ್ಲವೆ ಹತ್ತಿರದ ಠಾಣೆಗೆ ತಿಳಿಸಿದರೂ ಆಯಿತು. ಕೆಡಿಸದೆ ಸುದ್ದಿ ಮುಟ್ಟಿಸಿದವರಿಗೆ ಬಹುಮಾನವನ್ನೂ ಖರ್ಚನ್ನೂ ಕೊಡುವುದಾಗಿ ಸಂಸ್ಥೆಯವರು ಪ್ರಕಟಣೆಯಲ್ಲಿಯೇ ಹೇಳುತ್ತ ಬಂದಿದ್ದಾರೆ. ಮನೆಯಲ್ಲಿ ಓದು ಬರುವ ಮಕ್ಕಳು ಮುಂದಿನ ಪ್ರಕಟಣೆ ಕಂಡೊಡನೆ ಅದನ್ನು ಕತ್ತರಿಸಿಕೊಂಡು, ರಾತ್ರಿ ಊಟದ ಹೊತ್ತಿಗೆ ಅಜ್ಜ ಅಜ್ಜಿಯರಿಗೆ ಕನ್ನಡದಲ್ಲಿ ಓದಿ ಹೇಳಲಿ. ನಸುಕಿನಲ್ಲಿ ಮೊದಲು ಹೊಲಕ್ಕೆ ಹೋಗುವವರು ಅವರೇ.