ಹೊಗೆಯನ್ನು ನೆಲದಡಿ ಹೂಳಲಾಗದು

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ಸುಮಾರು 17 ಕಿ.ಮೀ. ಉದ್ದದ ಸುರಂಗ ರಸ್ತೆ ಕೊರೆಯಲು ರಾಜ್ಯ ಸರ್ಕಾರ ಹಟ ಹಿಡಿದಿದೆ. ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ರ‍್ಯಾಂಪಿಗೆ ಲಾಲ್‌ಬಾಗಿನ ನೆಲ ಬೇಕೆಂಬ ಪ್ರಸ್ತಾವ ಹೊರಬಿದ್ದಾಗ ಜನ ಸಿಡಿದೆದ್ದರು. ಸುಮಾರು 300 ಕೋಟಿ ವರ್ಷಗಳ ಬಂಡೆಯಿರುವ ತೋಟಕ್ಕಾಗಿ ಅಷ್ಟು ಸಿಟ್ಟು ಬರಲೇಬೇಕಿತ್ತು. ಆದರೆ ರ‍್ಯಾಂಪ್ ಬೇರೆಡೆ ಸರಿದ ಮಾತ್ರಕ್ಕೆ ಯೋಜನೆ ಒಳ್ಳೆಯದಾಗುವುದಿಲ್ಲ. ಬೆಂಗಳೂರು ಉಸಿರಾಡುವ ಗಾಳಿಯ ದೃಷ್ಟಿಯಿಂದಲೇ ಈ ಸುರಂಗ ಬೇಡ.

ಪರವಾಗಿ ಮಾತಾಡುವವರ ವಾದ ಸರಳ: ಸಿಗ್ನಲ್ಲಿನಲ್ಲಿ ಕಾದು ನಿಂತ ಗಾಡಿ ಸುಮ್ಮನೆ ಹೊಗೆ ಉಗುಳುತ್ತದೆ, ಸರಾಗವಾಗಿ ಓಡಿದರೆ ಹೊಗೆ ಕಡಿಮೆ. ಒಂದು ಗಾಡಿಗೆ ಈ ಲೆಕ್ಕ ಸರಿ, ಇಡೀ ಊರಿಗೆ ತಪ್ಪು. ರಸ್ತೆ ಸಲೀಸಾಯಿತೆಂದರೆ ನಿನ್ನೆವರೆಗೆ ಬಸ್ಸು ಹತ್ತುತ್ತಿದ್ದವರೂ ಕಾರು ಹೊರತೆಗೆಯುತ್ತಾರೆ, ದೂರದ ಲೇಔಟ್‌ಗಳಲ್ಲಿ ನಿವೇಶನ ಕೊಳ್ಳುವವರು ಹೆಚ್ಚುತ್ತಾರೆ, ಕೆಲವೇ ವರ್ಷಗಳಲ್ಲಿ ರಸ್ತೆ ಮತ್ತೆ ಕಿಕ್ಕಿರಿಯುತ್ತದೆ. ಇದಕ್ಕೆ ಸಾಕ್ಷಿ ಹುಡುಕಿ ಹೊರದೇಶಕ್ಕೆ ಹೋಗಬೇಕಿಲ್ಲ. ಸುರಂಗದ ಎರಡು ತುದಿಗಳಾದ ಹೆಬ್ಬಾಳದಲ್ಲೂ ಸಿಲ್ಕ್ ಬೋರ್ಡ್‌ನಲ್ಲೂ ಮೇಲ್ಸೇತುವೆಗಳಿವೆ. ದಟ್ಟಣೆ ತೀರಿಸಲೆಂದು ಕಟ್ಟಿದ ಆ ಜಾಗಗಳೇ ಇಂದು ದಟ್ಟಣೆಗೆ ಹೆಸರಾಗಿವೆ.

ಸುರಂಗದೊಳಗಿನ ಹೊಗೆ ಮಣ್ಣಿನಲ್ಲಿ ಇಂಗುವುದಿಲ್ಲ. ದೊಡ್ಡ ಫ್ಯಾನುಗಳು ಅದನ್ನು ಎಳೆದು ಗಾಳಿಕೊಳವೆಗಳಿಂದಲೋ ಸುರಂಗದ ಬಾಯಿಗಳಿಂದಲೋ ಹೊರದಬ್ಬಲೇಬೇಕು. ಅದು ಅಲ್ಲಿನ ಮನೆ, ಶಾಲೆ, ಅಂಗಡಿಗಳ ಪಾಲಾಗುತ್ತದೆ. ಕಾರುಗಳೆಲ್ಲ ನಾಳೆ ಎಲೆಕ್ಟ್ರಿಕ್ ಆದರೂ ಟೈರು, ಬ್ರೇಕು ಸವೆದು ಏಳುವ ದೂಳು ನಿಲ್ಲದು.

‘ನಾವೇನು ದೆಹಲಿಯಲ್ಲವಲ್ಲ’ ಎಂಬ ಸಮಾಧಾನವೂ ಅಪಾಯಕಾರಿ. ದೆಹಲಿಯಿರುವ ಗಂಗಾ ಬಯಲಿನಲ್ಲಿ ಚಳಿಗಾಲದ ಗಾಳಿ ಕದಲದೆ ಕೂರುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿ ಬೀಸುತ್ತದೆ. ಅದು ಭೂಗೋಳ ಕೊಟ್ಟ ವರ, ಯಾವ ಸರ್ಕಾರದ ಸಾಧನೆಯೂ ಅಲ್ಲ. ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳಿಗೆ (ಪಿಎಂ 2.5) ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಬರೀ 5. ನಮ್ಮ ಮಿತಿಯೊಳಗಿದ್ದೇವೆ ಎಂದ ಮಾತ್ರಕ್ಕೆ ಶ್ವಾಸಕೋಶ ಒಪ್ಪುವುದಿಲ್ಲ.

ಗಾಳಿಯಂತೆ ಬಿಸಿಲಿನಲ್ಲೂ ನಮ್ಮ ಪಾಲಿದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು. ಅದಕ್ಕೆ ಎಲ್ ನಿನೊ, ಜಗತ್ತಿನ ತಾಪಮಾನ ಏರಿಕೆ ಕಾರಣವಾಗಿರಬಹುದು. ಆದರೆ ಹಗಲೆಲ್ಲ ಕಾಂಕ್ರೀಟು, ಡಾಂಬರು ಹೀರಿದ ಕಾವನ್ನು ರಾತ್ರಿ ಉಗುಳುವಂತೆ ಮಾಡಿದ್ದು ನಾವೇ. ಅದನ್ನು ತಣಿಸುತ್ತಿದ್ದ ಕೆರೆ, ಮರಗಳನ್ನು ಕಳೆದುಕೊಂಡವರೂ ನಾವೇ. ಸುರಂಗಕ್ಕೆ ಸುರಿಯುವ ಸಿಮೆಂಟಿನ ತಯಾರಿಕೆಯೇ ಅಪಾರ ಇಂಗಾಲ ಹೊರಬಿಡುತ್ತದೆ. ಆ ಭಾರ ಮೊದಲ ಕಾರು ಓಡುವ ಮೊದಲೇ ನಮ್ಮ ಮೇಲೆ ಬಿದ್ದಿರುತ್ತದೆ.

ಊರು ದೊಡ್ಡದಾದರೆ ಹೀಗಾಗುವುದು ಅನಿವಾರ್ಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಒತ್ತೊತ್ತಾಗಿ ಬದುಕುವ ಲಕ್ಷಾಂತರ ಜನ ಬಸ್ಸು, ರೈಲಿನಲ್ಲಿ ಓಡಾಡಿದರೆ ತಲೆಗೆ ಬೀಳುವ ಇಂಧನದ ಲೆಕ್ಕ ಕಡಿಮೆಯೇ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ತನ್ನ ನಡುಮಧ್ಯದ ಎತ್ತರಿಸಿದ ಹೆದ್ದಾರಿಯನ್ನು ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚಂಗ್ಯೆಚನ್ ತೊರೆಯನ್ನು 2005ರ ಹೊತ್ತಿಗೆ ತೆರೆಯಿತು. ನಡುವೆ, 2004ರಲ್ಲಿ, ಬಸ್ ವ್ಯವಸ್ಥೆಯನ್ನೇ ಹೊಸದಾಗಿ ಹೆಣೆಯಿತು. ಊರು ನಿಂತುಹೋಗಲಿಲ್ಲ, ತೊರೆಯ ದಂಡೆ ಸುತ್ತಲಿನ ರಸ್ತೆಗಳಿಗಿಂತ ತಂಪಾಯಿತು.

ನಾವು ಮಾಡಿದ್ದೇನು? 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಪಥ ಬಿಟ್ಟು, ಆಮೇಲೆ ಅದನ್ನು ಅಳಿಯಲು ಬಿಟ್ಟೆವು. 2023ರಲ್ಲಿ ‘ಶಕ್ತಿ’ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಆ ಒಳ್ಳೆಯ ಕೆಲಸಕ್ಕೆ ತಕ್ಕಷ್ಟು ಬಸ್ಸುಗಳು ಬರಲಿಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಜಿಗಿದು, ಪ್ರಯಾಣಿಕರು ಕಡಿಮೆಯಾದರು. ಬಸ್ಸು ಹತ್ತುವವರಿಗೆ ದರ ಏರಿಕೆ, ಕಾರಿನವರಿಗೆ ಸುರಂಗ! ಸುರಂಗದ ಟೋಲ್ ಕಟ್ಟಬಲ್ಲವರು ಕಿಟಕಿ ಏರಿಸಿ ಒಳಗೆ ಹೋಗುತ್ತಾರೆ. ದ್ವಿಚಕ್ರ ಸವಾರರಿಗೆ ಅಲ್ಲಿ ಪ್ರವೇಶವಿಲ್ಲ. ಆಟೊ ಚಾಲಕ, ಟ್ರಾಫಿಕ್ ಪೊಲೀಸ್, ಬೀದಿಬದಿಯ ಹೂವಿನವಳು ಮೇಲೆ ನಿಂತು ಹೊಗೆ ಕುಡಿಯುತ್ತಾರೆ.

ಖಾಸಗಿಯವರೂ ಹೂಡಿಕೆ ಮಾಡುತ್ತಾರೆ ಎಂಬುದು ಸಮರ್ಥನೆಯಾಗದು. ಅವರು ಟೋಲ್ ಮೂಲಕ ವಸೂಲು ಮಾಡುವುದು ಜನರಿಂದಲೇ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಎಂದಿಟ್ಟುಕೊಂಡರೂ 17 ಸಾವಿರ ಕೋಟಿಗೆ ಹನ್ನೊಂದು ಸಾವಿರ ಬಸ್ಸು ಬರುತ್ತವೆ. ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ ಬಳಿ ಈಗಿರುವುದು ಸುಮಾರು ಏಳು ಸಾವಿರ.

ಸುರಂಗ ಯೋಜನೆ ರದ್ದಾಗಲಿ. ಬಸ್ಸುಗಳ ಸಂಖ್ಯೆ ದುಪ್ಪಟ್ಟಾಗಲಿ, ಬಸ್ ಪಥ ಮರಳಲಿ, ಮೆಟ್ರೊ ದರ ಇಳಿಯಲಿ, ನಿಲ್ದಾಣದವರೆಗೆ ನಡೆಯಲು ಫುಟ್‌ಪಾತ್ ಸಿಗಲಿ. ರಸ್ತೆಬದಿ ಕಾರು ನಿಲ್ಲಿಸುವವರು ಶುಲ್ಕ ಕಟ್ಟಲಿ. ಇದಕ್ಕೆ ಬಂಡೆ ಕೊರೆಯುವ ಯಂತ್ರ ಬೇಡ, ಕಾರಿನವರ ಮುನಿಸು ಎದುರಿಸಬಲ್ಲ ಸರ್ಕಾರ ಸಾಕು.