ಲಾರಿಗೂ ಬಸ್ಸಿಗೂ ಇರುವುದು ಒಂದೇ ಬೀದಿ

ಬೆಳಿಗ್ಗೆ ಒಂಬತ್ತೂವರೆಯ ಹೊತ್ತು. ಚಳ್ಳಕೆರೆಯ ಪೇಟೆಯಲ್ಲಿ ಅಕ್ಕಿಮೂಟೆಯ ಲಾರಿಯೊಂದು ಬೀದಿಯ ಅರ್ಧ ನುಂಗಿ ನಿಂತಿರುತ್ತದೆ. ಹಮಾಲರು ಬೆನ್ನು ಬಗ್ಗಿಸಿ ಒಂದೊಂದೇ ಮೂಟೆ ಇಳಿಸುತ್ತಿರುತ್ತಾರೆ. ಅದರ ಹಿಂದೆ ಚಿತ್ರದುರ್ಗದ ಬಸ್ಸು. ಒಳಗೆ ಕಾಲೇಜು ಹುಡುಗರು, ಕೋರ್ಟಿಗೆ ಹೊರಟವರು, ಆಸ್ಪತ್ರೆಯ ಚೀಟಿ ಸೆರಗಿಗೆ ಕಟ್ಟಿಕೊಂಡ ಅಜ್ಜಿ. "ಸ್ವಲ್ಪ ಮುಂದಕ್ ತಗಳಪ್ಪಾ" ಎಂದು ಕಂಡಕ್ಟರು ಕೂಗಿದರೆ, "ಇನ್ನ ಹತ್ತೇ ಮೂಟೆ ಐತಣ್ಣ, ತಡಿ" ಎಂಬ ಉತ್ತರ. ಆ ಹತ್ತು ಮೂಟೆ ಇಳಿಯುವುದರೊಳಗೆ ಇನ್ನೆರಡು ಬಸ್ಸು, ನಾಲ್ಕಾರು ಆಟೋ, ಒಂದು ಟ್ರ್ಯಾಕ್ಟರು ಬಂದು ಸೇರಿ, ಬೀದಿ ಬೀದಿಯಾಗಿ ಉಳಿದಿರುವುದಿಲ್ಲ.

ತಪ್ಪು ಯಾರದು? ಬಸ್ಸಿನವರನ್ನು ಕೇಳಿದರೆ ಲಾರಿಯದು. ಲಾರಿಯವನನ್ನು ಕೇಳಿದರೆ ತಳ್ಳುಗಾಡಿಯದು. ತಳ್ಳುಗಾಡಿಯವನನ್ನು ಕೇಳಿದರೆ ಅಂಗಡಿಯವರದು. ಅಂಗಡಿಯವರನ್ನು ಕೇಳಿದರೆ ಸರ್ಕಾರದ್ದು. ಹೀಗೆ ತಪ್ಪು ಊರೆಲ್ಲ ಸುತ್ತಿ ಮತ್ತೆ ಅದೇ ಲಾರಿಯ ಹಿಂದೆ ಬಂದು ನಿಲ್ಲುತ್ತದೆ.

ಲಾರಿಯನ್ನು ಊರಿನಿಂದಲೇ ಓಡಿಸಿಬಿಡಿ ಎನ್ನುವುದು ಸುಲಭ. ಆದರೆ ಚಳ್ಳಕೆರೆ ಬೆಳೆದದ್ದೇ ಹೇರಿನಿಂದ. ಶೇಂಗಾ ಬಂತು, ಅದನ್ನು ಅರೆಯಲು ಎಣ್ಣೆ ಗಿರಣಿ ಬಂದವು, ಎಣ್ಣೆ ಡಬ್ಬ ದೇಶದ ಮೂಲೆಮೂಲೆಗೆ ಹೋಯಿತು. "ಎಣ್ಣೆ ನಗರ", "ಎರಡನೇ ಬೊಂಬಾಯಿ" ಎಂಬ ಹೆಸರುಗಳು ಸುಮ್ಮನೆ ಬಂದವಲ್ಲ. 1994ರಿಂದಾಚೆಗೆ ವಿದೇಶಿ ತಾಳೆಎಣ್ಣೆಗೆ ಬಾಗಿಲು ತೆರೆದ ಮೇಲೆ ಗಿರಣಿಗಳ ಸದ್ದು ತಗ್ಗಿತು ನಿಜ. ಆದರೆ ಶೇಂಗಾ, ಈರುಳ್ಳಿ, ಕಂಬಳಿ, ಕಿರಾಣಿ, ಸಿಮೆಂಟು, ಕಬ್ಬಿಣದ ವಹಿವಾಟು ನಿಂತಿಲ್ಲ. ಲಾರಿ ಬರದಿದ್ದರೆ ಅಂಗಡಿ ಖಾಲಿ, ಅಂಗಡಿ ಖಾಲಿಯಾದರೆ ಬಸ್ಸಿಳಿದು ಪೇಟೆಗೆ ಬರುವವರೂ ಇಲ್ಲ. ಲಾರಿಗೂ ಬಸ್ಸಿಗೂ ಇರುವುದು ಜಗಳವಲ್ಲ, ನೆಂಟಸ್ತನ. ನೆಂಟರಿಬ್ಬರು ಒಂದೇ ಹೊತ್ತಿಗೆ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದಾರೆ, ಅಷ್ಟೆ.

ಬೈಪಾಸ್ ರಸ್ತೆಯೇ ಎಲ್ಲದಕ್ಕೂ ಮದ್ದು ಎಂದು ನಂಬಿದವರಿದ್ದಾರೆ. ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯ ಲಾರಿಗಳು ಊರಿನ ಹೊರಗೇ ಹೋಗಲಿ, ಯಾರು ಬೇಡ ಅಂದರು? ಆದರೆ ಬೈಪಾಸಿನಲ್ಲಿ ಹೋಗುವುದು ಚಳ್ಳಕೆರೆಯಲ್ಲಿ ಕೆಲಸವಿಲ್ಲದ ಲಾರಿ. ಇಲ್ಲಿನ ಅಂಗಡಿಗೆ ಅಕ್ಕಿ ತಂದ ಲಾರಿ ಅಂಗಡಿಗೇ ಬರಬೇಕು. ರೈಲು ನಿಲ್ದಾಣ ಇದೆ, ಆದರೆ ರೈಲು ಕಿರಾಣಿ ಅಂಗಡಿಯ ಬಾಗಿಲಿಗೆ ಬರುವುದಿಲ್ಲ. ಕೊನೆಯ ಅರ್ಧ ಮೈಲಿಯ ಸಂಕಟವನ್ನು ಊರೊಳಗೇ ಬಗೆಹರಿಸಬೇಕು.

ಇದು ಇಂದಿನ ಸಂಕಟವೂ ಅಲ್ಲ. ಎರಡು ಸಾವಿರ ವರ್ಷದ ಹಿಂದೆ ರೋಮ್ ನಗರದಲ್ಲಿ ಹಗಲು ಹೊತ್ತು ಹೇರುಗಾಡಿ ಓಡಿಸಬಾರದೆಂದು ಜೂಲಿಯಸ್ ಸೀಸರನ ಕಾಲದಲ್ಲೇ ಕಾನೂನಾಗಿತ್ತು. ಹಗಲು ಬೀದಿ ಸಲೀಸಾಯಿತು; ಆದರೆ ರಾತ್ರಿಯೆಲ್ಲ ಗಾಡಿಚಕ್ರದ ಸದ್ದಿಗೆ ಜನರ ನಿದ್ದೆ ಕೆಟ್ಟಿತು. ಒಬ್ಬರ ತೊಂದರೆಯನ್ನು ಎತ್ತಿ ಇನ್ನೊಬ್ಬರ ತಲೆಗೆ ಹಾಕಿದರೆ ಅದು ಪರಿಹಾರವಲ್ಲ. ರಾತ್ರಿ ಮಾತ್ರ ಸರಕು ಇಳಿಸಿ ಎಂದರೆ ಹಮಾಲನಿಗೆ ನಿದ್ದೆಯಿಲ್ಲ, ಅಂಗಡಿಯವರಿಗೆ ಬಾಗಿಲು ತೆರೆದಿಡುವ ಪಾಡು, ಮೇಲ್ಮಹಡಿಯ ಸಂಸಾರಕ್ಕೆ ಗದ್ದಲ.

ಹಾಗಾದರೆ ದಾರಿ? ದಾರಿ ಕಾನೂನಿನಲ್ಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಸರ್ಕಾರವೋ ಅದು ಅಧಿಕಾರ ಕೊಟ್ಟ ಪ್ರಾಧಿಕಾರವೋ ಇಂಥ ರಸ್ತೆಯಲ್ಲಿ ಇಂಥ ವಾಹನ ಬೇಡ ಎಂದು ನಿರ್ಬಂಧ ಹಾಕಬಹುದು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಿಲ್ಲ. ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. 117ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದಿದೆ. ವಾಹನಗಳು ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ನಿಲ್ಲಬಹುದು, ಬಸ್ಸುಗಳು ಎಲ್ಲಿ ಹೆಚ್ಚು ಹೊತ್ತು ತಂಗಬಹುದು ಎಂಬುದನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಮಾಡಬಹುದು. ಅಂದರೆ ಲಾರಿ, ಬಸ್ಸು ಎರಡರ ಲಗಾಮೂ ಒಂದೇ ಕೈಯಲ್ಲಿದೆ. ಹಿಡಿಯಬೇಕಷ್ಟೆ.

ಶೇಂಗಾ ಸುಗ್ಗಿಯಲ್ಲಿ, ಪೇಟೆ ಕಿಕ್ಕಿರಿಯುವ ಕಾಲದಲ್ಲೇ, ಒಂದು ತಿಂಗಳು ಪ್ರಯೋಗ ಮಾಡಿ ನೋಡಲಿ. ದೊಡ್ಡ ಲಾರಿಗೆ ಬೆಳಿಗ್ಗೆ ಎಂಟೂವರೆಯವರೆಗೆ ಮತ್ತು ಮಧ್ಯಾಹ್ನ ಒಂದರಿಂದ ಮೂರರವರೆಗೆ ಪೇಟೆ ಬೀದಿಗೆ ಪ್ರವೇಶ. ಶಾಲೆ ಕಾಲೇಜು ಕಚೇರಿಯ ಹೊತ್ತು ಬಸ್ಸಿಗೆ ಬಿಟ್ಟದ್ದು. ಹೊತ್ತು ಮೀರಿ ಬಂದ ಲಾರಿ ಊರಿನ ಅಂಚಿನಲ್ಲಿ ನಿಂತು, ಸಣ್ಣ ಗೂಡ್ಸ್ ಆಟೋದಲ್ಲಿ ಸರಕು ಒಳಗೆ ಬರಲಿ. ಬೀದಿಗೆ ಒಂದೆರಡು ಕಡೆ ಬಣ್ಣ ಬಳಿದು "ಇಲ್ಲಿ ಸರಕು ಇಳಿಸುವ ಗಾಡಿ ಮಾತ್ರ, ಅರ್ಧ ಗಂಟೆ" ಎಂದು ಗುರುತಿಸಲಿ. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಒಂದು ಡಬ್ಬ ಬಣ್ಣ, ಒಬ್ಬ ಪೊಲೀಸಪ್ಪ ಸಾಕು.

ಇಲ್ಲೊಂದು ಕಹಿ ಮಾತನ್ನೂ ಹೇಳಲೇಬೇಕು, ಅಂಗಡಿ ಮಾಲೀಕರು ಬೇಸರ ಮಾಡಿಕೊಳ್ಳಬಾರದು. ಲಾರಿ ನಡುಬೀದಿಯಲ್ಲಿ ಏಕೆ ನಿಲ್ಲುತ್ತದೆ? ಅಂಗಡಿಯ ಮುಂದೆ ಜಾಗವಿಲ್ಲ. ಜಾಗ ಏಕಿಲ್ಲ? ಅಲ್ಲಿ ಬೆಳಿಗ್ಗೆ ಬಾಗಿಲು ತೆರೆದಾಗ ನಿಲ್ಲಿಸಿದ ಸಾಹುಕಾರರದೇ ಬೈಕು ರಾತ್ರಿ ಬೀಗ ಹಾಕುವವರೆಗೂ ನಿಂತಿರುತ್ತದೆ! ಪಕ್ಕದಲ್ಲಿ ಕೆಲಸದ ಹುಡುಗನ ಬೈಕು, ಅದರ ಪಕ್ಕ ಜಾಹೀರಾತಿನ ಬೋರ್ಡು, ಮೆಟ್ಟಿಲ ಮೇಲೆ ಬಕೀಟು ಕೊಡಗಳ ಗುಡ್ಡೆ. ಗಿರಾಕಿಗೂ ಜಾಗವಿಲ್ಲ, ಸರಕಿಗೂ ಜಾಗವಿಲ್ಲ. ಬೈಕನ್ನು ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿದರೆ ಅರ್ಧ ಲಾರಿಯ ಜಾಗ ಬಿಡುಗಡೆಯಾಗುತ್ತದೆ.

ತಳ್ಳುಗಾಡಿಯವರ ಮೇಲೆ ಮೊದಲು ಕೈಮಾಡುವ ಚಾಳಿಯೂ ನಿಲ್ಲಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರದ ಜಾಗ ಗೊತ್ತುಮಾಡುವಾಗ ಪಟ್ಟಣ ವ್ಯಾಪಾರ ಸಮಿತಿಯ ಮಾತು ಕೇಳಬೇಕು. ಆ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಲಾಠಿ ಬೀಸಿ ಇವತ್ತು ಓಡಿಸಿದ ಬಾಳೆಹಣ್ಣಿನ ಗಾಡಿ ನಾಳೆ ಅಲ್ಲಿಗೇ ಬರುತ್ತದೆ, ಏಕೆಂದರೆ ಹೊಟ್ಟೆ ಅಲ್ಲಿಗೇ ಕರೆದುಕೊಂಡು ಬರುತ್ತದೆ.

ಮೊಳಕಾಲ್ಮೂರಿನ ಕಥೆ ಬೇರೆ. ಅಲ್ಲಿಯ ಹೆಸರುವಾಸಿ ಸರಕು ಮೂಟೆಯಲ್ಲಿ ಬರುವುದಿಲ್ಲ, ಗಂಟಿನಲ್ಲಿ ಹೋಗುತ್ತದೆ. ಭೌಗೋಳಿಕ ಗುರುತು ಪಡೆದ ರೇಷ್ಮೆ ಸೀರೆ ತೂಕಕ್ಕೆ ಹಗುರ, ಬೆಲೆಗೆ ಭಾರ. ಲಾರಿ ತುಂಬುವಷ್ಟು ಸೀರೆ ಯಾವ ನೇಕಾರನ ಮನೆಯಲ್ಲಿದೆ? ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತುವ ನೇಕಾರನಿಗೆ ಬಸ್ಸೇ ಲಾರಿ. ಬಸ್ಸು ಒಂದು ಗಂಟೆ ತಡವಾದರೆ ಅವನು ಕಳೆದುಕೊಳ್ಳುವುದು ಹೊತ್ತನ್ನಷ್ಟೇ ಅಲ್ಲ, ಆ ದಿನದ ವ್ಯಾಪಾರವನ್ನು. ರಾಜ್ಯ ರಸ್ತೆ ಸಾರಿಗೆ ನಿಗಮ 2021ರ ಫೆಬ್ರವರಿಯಲ್ಲಿ "ನಮ್ಮ ಕಾರ್ಗೋ" ಎಂಬ ಪಾರ್ಸೆಲ್ ಸೇವೆ ಶುರುಮಾಡಿತು. ಇಂಥ ಸೇವೆ ಮಗ್ಗದ ಊರಿಗೆ ಚೆನ್ನಾಗಿ ಒದಗಿದರೆ ನೇಕಾರನಿಗೆ ಒಂದು ದಿನದ ಓಡಾಟ ಉಳಿಯುತ್ತದೆ, ಬಸ್ಸಿನ ಸೀಟು ಪ್ರಯಾಣಿಕನಿಗೆ ಉಳಿಯುತ್ತದೆ. ಇತ್ತ ರಾಯದುರ್ಗದಿಂದ ಆಂಧ್ರದ ಗಾಡಿ, ಅತ್ತ ಹೆದ್ದಾರಿಯಿಂದ ಒಳಗೆ ತಿರುಗುವ ಗಾಡಿ ಎರಡೂ ಸೇರುವ ಈ ಸಣ್ಣ ಊರು ಚಳ್ಳಕೆರೆಯಷ್ಟು ಕಿಕ್ಕಿರಿಯುವ ಮೊದಲೇ ಇಳಿಸುವ ಜಾಗ, ನಿಲ್ಲುವ ಜಾಗ ಗೊತ್ತುಮಾಡಿಕೊಂಡರೆ ಜಾಣತನ. ಊರು ಕಟ್ಟಿದ ಮೇಲೆ ಬೀದಿ ಅಗಲ ಮಾಡುವುದೆಂದರೆ ಯಾರದೋ ಗೋಡೆ ಒಡೆಯುವುದು.

ಒಂದು ಮಾತು ಮಾತ್ರ ಮರೆಯಬಾರದು. ವೇಳಾಪಟ್ಟಿ ಬರೆಯುವವರು ಮೇಜಿನ ಮುಂದೆ ಕೂತು ಬರೆದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಬೆನ್ನ ಮೇಲೆ ಮೂಟೆ ಹೊರುವ ಹಮಾಲನನ್ನು, ಸ್ಟಿಯರಿಂಗ್ ಹಿಡಿಯುವ ಡ್ರೈವರನ್ನು, ಗಲ್ಲಾದ ಮುಂದೆ ಕೂರುವ ಅಂಗಡಿಯವರನ್ನು, ದಿನವೂ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಕೇಳಬೇಕು. ಹಮಾಲನ ಕೂಲಿ ಮೂಟೆಯ ಲೆಕ್ಕದ್ದು. ಇಳಿಸುವ ಹೊತ್ತು ಕಡಿಮೆಯಾಗಿ ಅವನ ಕೂಲಿ ಕುಸಿದರೆ ಆ ಕಟ್ಟಳೆ ಮೂರೇ ದಿನಕ್ಕೆ ಮುರಿಯುತ್ತದೆ.

ಪುರಪಿತೃಗಳು, ಪೊಲೀಸ್ ಅಧಿಕಾರಿಗಳು, ಸಾರಿಗೆ ಅಧಿಕಾರಿಗಳು ಒಂದು ಸಂಜೆ ಸೇರಿ ಇದಿಷ್ಟನ್ನು ಗೊತ್ತುಮಾಡಲಾರರೆ? ಅವರು ಸೇರುವವರೆಗೂ ಕಾಯದೆ, ನಾಳೆ ಬೆಳಿಗ್ಗೆ ಅಂಗಡಿ ಮಾಲೀಕರು ತಮ್ಮ ಬೈಕನ್ನು ಬೇರೆಡೆ ನಿಲ್ಲಿಸಿ ನೋಡಲಿ. ಆಸ್ಪತ್ರೆಯ ಚೀಟಿ ಹಿಡಿದ ಆ ಅಜ್ಜಿ ಚಿತ್ರದುರ್ಗಕ್ಕೆ ಡಾಕ್ಟರು ಎದ್ದುಹೋಗುವ ಮೊದಲು ತಲುಪಿದರೆ, ಅದರ ಪುಣ್ಯದಲ್ಲಿ ಅವರಿಗೂ ಒಂದು ಪಾಲು ಸಿಗುತ್ತದೆ.