ಎರವಲಿನ ಗೆಲುವು

1946ರ ಜನವರಿ 8ರಂದು ಚಿನ್ನಿಯಂಪಾಳ್ಯದ ನಾಲ್ವರು ಗಿರಣಿ ಕಾರ್ಮಿಕರು ಕೊಯಮತ್ತೂರಿನ ಸೆರೆಮನೆಯಲ್ಲಿ ನೇಣುಗಂಬವೇರಿದರು. 1957ರಲ್ಲಿ ಇದೇ ಕ್ಷೇತ್ರವು ಕಮ್ಯೂನಿಸ್ಟ್ ಪಕ್ಷದ ಪಾರ್ವತಿ ಕೃಷ್ಣನ್ ಅವರನ್ನು ಲೋಕಸಭೆಗೆ ಕಳುಹಿಸಿತು. 1998ರಲ್ಲಿಯೂ 1999ರಲ್ಲಿಯೂ ಅದು ಭಾರತೀಯ ಜನತಾ ಪಕ್ಷಕ್ಕೆ ಒಲಿಯಿತು. 2019ರಲ್ಲಿ ಕೊಯಮತ್ತೂರು, ತಿರುಪ್ಪೂರುಗಳೆರಡನ್ನೂ ಕಮ್ಯೂನಿಸ್ಟರು ಗೆದ್ದರು, ನಿಜ; ಆದರೆ ದ್ರಾವಿಡ ಮುನ್ನೇಟ್ರ ಕಳಗದ ಹೆಗಲೇರಿ. 2024ರಲ್ಲಿ ಆ ಕಳಗವು ಕೊಯಮತ್ತೂರನ್ನು ತಾನೇ ಇಟ್ಟುಕೊಂಡಿತು. ಎರವಲು ತಂದ ಒಡವೆ ಎಷ್ಟು ದಿನ ಮೈಮೇಲಿದ್ದೀತು?

ಒಂದು ಗಿರಣಿಯ ಬಾಗಿಲಲ್ಲಿ ನಿಂತು ಸಾವಿರ ಮಂದಿಯನ್ನು ಕಾಣುವ ಕಾಲ ಹೋಯಿತು. ಇಂದಿನ ದುಡಿಮೆಗಾರರು ಬನಿಯನ್ ಕಾರ್ಖಾನೆಗಳಲ್ಲಿ, ಮನೆಮನೆಯ ಮಗ್ಗಗಳಲ್ಲಿ ಚದುರಿದ್ದಾರೆ. ಕನ್ನಡ ಮನೆಮಾತಿನ ನಮ್ಮ ದೇವಾಂಗ ನೇಕಾರರೂ ಅವರೊಳಗಿದ್ದಾರೆ. ಪಕ್ಷವು ಅವರ ಬಾಗಿಲಿಗೆ ಬರಲಿ, ಅವರ ಮಾತಿನಲ್ಲಿಯೇ ಕಷ್ಟ ಕೇಳಲಿ, ಬಾಕಿ ಕೂಲಿಯನ್ನು ಕೊಡಿಸಲಿ. ಮತವನ್ನು ಆಮೇಲೆ ಬೇಡಲಿ. ಹುತಾತ್ಮರ ಸಮಾಧಿಗೆ ಹೂಮಾಲೆ ಹಾಕಿದ ಮಾತ್ರಕ್ಕೆ ಅವರ ಮೊಮ್ಮಕ್ಕಳ ಮತ ದೊರೆಯದೆಂದೇ ನಮ್ಮ ದೃಢವಾದ ಅಭಿಪ್ರಾಯ.